ಕ್ರಿಸ್‌ಮಸ್ ಉಡುಗೊರೆ: ಚಿಕ್ಕಬಳ್ಳಾಪುರದ ರುಚಿಗೆ ಹೆಸರು ಬೇಕು

ಡಿಸೆಂಬರ್ ತಿಂಗಳು ಬಂತೆಂದರೆ ಬೆಂಗಳೂರಿನ ಬೇಕರಿಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ಹಬ್ಬ ಆಚರಿಸುವ ಕುಟುಂಬಗಳು ಮಾತ್ರವಲ್ಲದೆ ಕಚೇರಿಗಳು, ಕಾರ್ಖಾನೆಗಳು ಹಾಗೂ ವ್ಯಾಪಾರ ಸಂಸ್ಥೆಗಳು ಸಹ ನೌಕರರಿಗೂ ಗ್ರಾಹಕರಿಗೂ ತಿನಿಸಿನ ಪೆಟ್ಟಿಗೆಗಳನ್ನು ಉಡುಗೊರೆಯಾಗಿ ಕೊಡುವುದು ಈಗ ರೂಢಿಯಾಗಿದೆ. ಈ ಮಾರುಕಟ್ಟೆಯಿಂದ ಕೇವಲ ಒಂದೆರಡು ಗಂಟೆಗಳ ದಾರಿಯಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳ ವರ್ತಕರು ಅದರಲ್ಲಿ ಪಡೆಯುತ್ತಿರುವ ಪಾಲು ಅತ್ಯಲ್ಪ. ಇಲ್ಲಿನ ದ್ರಾಕ್ಷಿ ಕ್ರೇಟುಗಳಲ್ಲಿ, ಕಡಲೆಕಾಯಿ ಮತ್ತು ಹುಣಸೆ ಮೂಟೆಗಳಲ್ಲಿ ಹೊರಟುಹೋಗುತ್ತವೆ. ಅವು ಜಾಮ್, ಚಿಕ್ಕಿ, ತೊಕ್ಕುಗಳಾಗಿ ಅಂಗಡಿಯ ಕಪಾಟು ಸೇರುವ ಹೊತ್ತಿಗೆ ಬೆಳೆದ ಊರಿನ ಹೆಸರು ಅಳಿಸಿಹೋಗಿರುತ್ತದೆ. ಹೆಸರಿನೊಂದಿಗೆ ಲಾಭದ ಬಹುಭಾಗವೂ ಕೈತಪ್ಪುತ್ತದೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಈ ಊರುಗಳಲ್ಲಿ ಕ್ರೈಸ್ತ ಕುಟುಂಬಗಳ ಸಂಖ್ಯೆ ಕಡಿಮೆ, ಆದ್ದರಿಂದ ಕ್ರಿಸ್‌ಮಸ್ ವ್ಯಾಪಾರಕ್ಕೆ ಅವಕಾಶವಿಲ್ಲ ಎಂಬ ವಾದವುಂಟು. ಲಂಡನ್ ಮಿಷನ್ ಕಾಲದಿಂದ ಸೇವೆ ಸಲ್ಲಿಸುತ್ತಿರುವ ಸಿ.ಎಸ್.ಐ. ಆಸ್ಪತ್ರೆಯಿರುವ ಚಿಕ್ಕಬಳ್ಳಾಪುರಕ್ಕೆ ಈ ಹಬ್ಬ ಹೊಸದೇನಲ್ಲ. ಅದಕ್ಕಿಂತ ಮುಖ್ಯವಾಗಿ, ಉಡುಗೊರೆಯ ಮಾರುಕಟ್ಟೆ ಇರುವುದು ಬೆಂಗಳೂರಿನಲ್ಲಿ. ದೀಪಾವಳಿಗೆ ಸಿಹಿಯ ಪೆಟ್ಟಿಗೆ ಕೊಳ್ಳುವ ಸಂಸ್ಥೆಗಳೇ ಡಿಸೆಂಬರಿನಲ್ಲಿಯೂ ಕೊಳ್ಳುತ್ತವೆ.

ಮಂಗಳೂರಿನ ಉದಾಹರಣೆಯನ್ನು ಗಮನಿಸಬಹುದು. ಅಲ್ಲಿನ ಕ್ಯಾಥೊಲಿಕ್ ಕುಟುಂಬಗಳು ಕ್ರಿಸ್‌ಮಸ್ ಸಮಯದಲ್ಲಿ ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ ಮೊದಲಾದ ತಿನಿಸುಗಳನ್ನು ಮಾಡಿ ನೆರೆಹೊರೆಯವರಿಗೆ ತಟ್ಟೆಯಲ್ಲಿಟ್ಟು ಹಂಚುತ್ತವೆ. ಕುಸ್ವಾರ್ ಎಂದು ಕರೆಯಲಾಗುವ ಈ ತಿನಿಸುಗಳನ್ನು ಇಂದು ಅಲ್ಲಿನ ಬೇಕರಿಗಳು ಪೆಟ್ಟಿಗೆಗಳಲ್ಲಿ ತುಂಬಿ ಮಾರುತ್ತವೆ. ಅಕ್ಕಿ, ತೆಂಗು, ಎಳ್ಳು, ಬೆಲ್ಲಗಳಂತಹ ಸಾಧಾರಣ ಪದಾರ್ಥಗಳೇ ಅವುಗಳ ಮೂಲ. ಬೆಲೆ ತಂದುಕೊಟ್ಟದ್ದು ಪದಾರ್ಥದ ದುಬಾರಿತನವಲ್ಲ. ಊರಿನ ಹೆಸರು ಮತ್ತು ಹಂಚಿ ತಿನ್ನುವ ಸಂಪ್ರದಾಯ.

ಅಂತಹ ಸಾಧಾರಣ ಪದಾರ್ಥಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ. ಚಿಕ್ಕಬಳ್ಳಾಪುರದ ಸುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಬೀಜವುಳ್ಳ, ದಪ್ಪ ಸಿಪ್ಪೆಯ ಈ ಹಣ್ಣು ತಿನ್ನುವುದಕ್ಕಿಂತ ರಸ, ಜಾಮ್, ಜೆಲ್ಲಿಗಳಿಗೆ ಹೆಚ್ಚು ಸೂಕ್ತ. ಗೌರಿಬಿದನೂರು ಭಾಗದ ಮುಂಗಾರಿನ ಕಡಲೆಕಾಯಿ ಹಬ್ಬಕ್ಕೆ ಮುನ್ನವೇ ಒಕ್ಕಣೆಯಾಗುವುದರಿಂದ ಹೊಸ ಕಾಯಿಯ ಬೆಲ್ಲದ ಚಿಕ್ಕಿ ಆ ಕಾಲಕ್ಕೆ ತಕ್ಕ ತಿನಿಸು. ಚಿಂತಾಮಣಿಯ ಮಂಡಿಗಳ ಹುಣಸೆಯಿಂದ ತೊಕ್ಕು ಮತ್ತು ಹುಳಿ ಸಿಹಿಯ ಉಂಡೆಗಳನ್ನು ಮಾಡಬಹುದು. ಸೊಗಡಿನ ಅವರೆಗಂತೂ ಡಿಸೆಂಬರ್ ಮತ್ತು ಜನವರಿ ತಿಂಗಳುಗಳೇ ಸುಗ್ಗಿ. ಹಿತಕಿದ ಅವರೆಬೇಳೆಯನ್ನು ಕರಿದು, ಕರಿಬೇವು ಬೆರೆಸಿದ ಮಿಕ್ಸ್ಚರ್‌ಗೆ ಸಮನಾದ ಕುರುಕಲು ತಿಂಡಿ ಮತ್ತೊಂದಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ ಈ ಪೆಟ್ಟಿಗೆಗೆ ಅಲಂಕಾರ ಒದಗಿಸಬಲ್ಲದು. ಚಿಟ್ಟೆ ಹೊರಬಂದು ತೂತಾದ ಗೂಡು ನೂಲು ಬಿಚ್ಚಲು ಬಾರದು. ಆದರೆ ಅದನ್ನು ಕತ್ತರಿಸಿ, ಬಣ್ಣ ಹಾಕಿ ಹೂವು, ನಕ್ಷತ್ರಗಳನ್ನು ಮಾಡಬಹುದು. ಮುಚ್ಚಳದ ಮೇಲಿನ ಅಂತಹ ಒಂದು ಹೂವು ಹೊಳೆಯುವ ಪ್ಲಾಸ್ಟಿಕ್ ರಿಬ್ಬನ್ನಿಗಿಂತ ಹೆಚ್ಚು ಮಾತನಾಡುತ್ತದೆ.

ಪೆಟ್ಟಿಗೆ ಚಿಕ್ಕದಾಗಿರುವುದು ಅತ್ಯಗತ್ಯ. ನೂರು ಗ್ರಾಂ ಜಾಮ್, ನೂರು ಗ್ರಾಂ ಚಿಕ್ಕಿ, ಅಷ್ಟೇ ಮಿಕ್ಸ್ಚರ್, ಐವತ್ತು ಗ್ರಾಂ ತೊಕ್ಕು ಇದ್ದರೆ ಸಾಕು. ರುಚಿ ಬಲ್ಲವರಿಗೆ ರಾಶಿ ಬೇಕಾಗಿಲ್ಲ. ಹೊರಗಿನ ಸಗಟು ಮಾರುಕಟ್ಟೆಯಿಂದ ಅಗ್ಗದ ಚಾಕೊಲೇಟು, ಬಿಸ್ಕತ್ತುಗಳನ್ನು ತಂದು ತುಂಬಿಸಿ ಗಾತ್ರ ಹಿಗ್ಗಿಸುವ ಪದ್ಧತಿಯಿಂದ ಸ್ಥಳೀಯ ವರ್ತಕನಿಗೆ ಉಳಿಯುವುದು ಅಲ್ಪ ದಳ್ಳಾಳಿ ಮಾತ್ರ. ಅದೇ ಪೆಟ್ಟಿಗೆಯನ್ನು ಬೆಂಗಳೂರಿನವರು ಇನ್ನೂ ಕಡಿಮೆ ಬೆಲೆಗೆ ಕೊಡಬಲ್ಲರು.

ಪಾನೀಯದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕ್ರಿಸ್‌ಮಸ್‌ಗಾಗಿ ಮನೆಯಲ್ಲಿ ದ್ರಾಕ್ಷಿ ಹುದುಗಿಸುವ ರೂಢಿ ಹಲವು ಕುಟುಂಬಗಳಲ್ಲಿದೆ. ಆದರೆ ಪರವಾನಗಿಯಿಲ್ಲದೆ ಅದನ್ನು ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯನ್ವಯ ಅಪರಾಧ. ವೈನ್ ಉದ್ಯಮಕ್ಕೆ ಉತ್ತೇಜನ ನೀಡಲು ರಾಜ್ಯ ಸರ್ಕಾರ 2007ರಲ್ಲಿ ಪ್ರತ್ಯೇಕ ನೀತಿ ರೂಪಿಸಿತು. ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ಸಂಸ್ಥೆಯ ವೈನ್ ನಂದಿಬೆಟ್ಟದ ಹೆಸರಿನೊಂದಿಗೇ ಪರಿಚಿತವಾಗಿದೆ. ಊರಿನ ಹೆಸರಿಗೆ ಬೆಲೆಯುಂಟೆಂಬುದಕ್ಕೆ ಇದು ಸಾಕ್ಷಿ. ಸಣ್ಣ ಘಟಕಗಳಿಗಾದರೋ ಸಂಸ್ಕರಿಸಿ ಬಾಟಲಿಗೆ ತುಂಬಿದ ನೀಲಿ ದ್ರಾಕ್ಷಿಯ ರಸವೇ ಸುರಕ್ಷಿತ ಮಾರ್ಗ.

ತೆರಿಗೆಯ ಲೆಕ್ಕವನ್ನು ಪೆಟ್ಟಿಗೆ ಕಟ್ಟುವ ಮೊದಲೇ ಮಾಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಾಮ್, ಕರಿದ ಖಾರದ ತಿನಿಸು, ಕೇಕ್, ಬಿಸ್ಕತ್ತುಗಳ ಮೇಲಿನ ಜಿ.ಎಸ್.ಟಿ. ಶೇ. 5ಕ್ಕೆ ಇಳಿದಿದೆ. ಆದರೆ ಬೇರೆ ಬೇರೆ ದರದ ಸರಕುಗಳನ್ನು ಸೇರಿಸಿ ಒಂದೇ ಬೆಲೆಗೆ ಮಾರಿದರೆ, ಅವುಗಳಲ್ಲಿ ಅತಿ ಹೆಚ್ಚಿನ ದರವೇ ಇಡೀ ಪೆಟ್ಟಿಗೆಗೆ ಅನ್ವಯಿಸುತ್ತದೆ. ತೆರಿಗೆ ಸೇರುವ ಮುನ್ನ 400 ರೂ. ಬೆಲೆಯ ತಿನಿಸಿನ ಪೆಟ್ಟಿಗೆಗೆ ತೆರಿಗೆ 20 ರೂ. ಅದೇ ಬೆಲೆಯ ಪೆಟ್ಟಿಗೆಯಲ್ಲಿ ಶೇ. 40 ದರದ ಒಂದು ಅನಿಲಯುಕ್ತ ತಂಪುಪಾನೀಯದ ಬಾಟಲಿ ಇದ್ದರೆ ತೆರಿಗೆ 160 ರೂ. ಆಗುತ್ತದೆ! ಉಡುಗೊರೆಯಾಗಿ ಹಂಚಿದ ವಸ್ತುಗಳ ಮೇಲೆ ಕೊಳ್ಳುವ ಸಂಸ್ಥೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲವಾದ್ದರಿಂದ, ಈ ವ್ಯತ್ಯಾಸ ನೇರವಾಗಿ ಬೇಡಿಕೆಗೇ ಪೆಟ್ಟು ಕೊಡುತ್ತದೆ.

ಲೇಬಲ್ಲಿನ ವಿಷಯದಲ್ಲಿಯೂ ಉದಾಸೀನ ಸಲ್ಲದು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಗರಿಷ್ಠ ಮಾರಾಟ ಬೆಲೆ ಇವೆಲ್ಲ ಸ್ಪಷ್ಟವಾಗಿರಬೇಕು. ಕಡಲೆಕಾಯಿ ಕೆಲವರಿಗೆ ಒಗ್ಗದ ಪದಾರ್ಥವಾದ್ದರಿಂದ ಅದನ್ನು ನಮೂದಿಸುವುದು ಕಡ್ಡಾಯ. ಮೊಟ್ಟೆ ಬೆರೆತ ಕೇಕಿಗೆ ಹಸಿರು ಗುರುತು ಹಾಕುವಂತಿಲ್ಲ. ಭೌಗೋಳಿಕ ಸೂಚಕವುಳ್ಳ ಹೆಸರನ್ನು ಮುದ್ರಿಸುವ ಮುನ್ನ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವುದು ಒಳಿತು.

ನಾಲ್ಕು ಊರುಗಳ ನಾಲ್ಕು ಪದಾರ್ಥಗಳನ್ನು ಒಂದೇ ಪೆಟ್ಟಿಗೆಯಲ್ಲಿ ಸೇರಿಸಲು ಒಬ್ಬನೇ ವರ್ತಕ ಎಲ್ಲವನ್ನೂ ತಯಾರಿಸಬೇಕಿಲ್ಲ. ಪ್ರತಿಯೊಬ್ಬರೂ ತಾವು ಬಲ್ಲದ್ದನ್ನು ಮಾಡಿ, ಪೆಟ್ಟಿಗೆ, ಮುದ್ರಣ ಮತ್ತು ಸಾಗಣೆಗಳನ್ನು ಜಂಟಿಯಾಗಿ ವಹಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಸಂಸ್ಥೆಗಳಿಗೆ ಮಾದರಿ ತಲುಪಿಸಿ ಬೇಡಿಕೆ ಪಡೆಯುವ ಕೆಲಸ ಅಕ್ಟೋಬರಿನಲ್ಲಿಯೇ ಆರಂಭವಾಗಬೇಕು. ಡಿಸೆಂಬರಿನಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಜಾಮ್, ತೊಕ್ಕುಗಳನ್ನು ಮುಂಚಿತವಾಗಿ ಸಿದ್ಧಪಡಿಸಿ, ಅವರೆಯ ತಿನಿಸನ್ನು ಮಾತ್ರ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಕು. ಮೊದಲ ವರ್ಷ ಕೆಲವೇ ನೂರು ಪೆಟ್ಟಿಗೆಗಳಿಗೆ ಮಿತಿಗೊಳಿಸುವುದು ಜಾಣತನ. ಹಬ್ಬ ಕಳೆದ ಮೇಲೆ ಉಳಿದ ಉಡುಗೊರೆ ಪೆಟ್ಟಿಗೆಗೆ ಗಿರಾಕಿಯಿರುವುದಿಲ್ಲ.

1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯ ಸ್ಥಾಪನೆಗೆ ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರು ಈ ಜಿಲ್ಲೆಯ ಮುದ್ದೇನಹಳ್ಳಿಯವರು. ಕಚ್ಚಾ ಮಾಲನ್ನು ಹೊರಗೆ ಕಳುಹಿಸಿ ತಯಾರಾದ ವಸ್ತುವನ್ನು ಮರಳಿ ಕೊಳ್ಳುವ ಆರ್ಥಿಕತೆ ಬೆಳೆಯಲಾರದೆಂಬ ತಿಳಿವಳಿಕೆ ಅವರ ಕೈಗಾರಿಕಾ ಚಿಂತನೆಯ ತಳಹದಿಯಾಗಿತ್ತು. ಆ ಮಾತನ್ನು ಆಚರಣೆಗೆ ತರಲು ಬೃಹತ್ ಕಾರ್ಖಾನೆಯೇ ಬೇಕೆಂದಿಲ್ಲ. ಊರಿನ ಹೆಸರು ಹೊತ್ತ ನೂರು ಗ್ರಾಂ ಜಾಮಿನ ಸೀಸೆಯಿಂದಲೂ ಅದನ್ನು ಆರಂಭಿಸಬಹುದು.