ಮೆಣಸಿನಕಾಯಿ ನಮ್ಮದಾಯಿತು, ಆಲೂಗಡ್ಡೆ?

ಪುಣೆಯ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡ್ ಕಂಡವರು ಮೆಚ್ಚಿ ಆಡುವ ಮಾತೊಂದಿದೆ. ಆಲೂಗಡ್ಡೆ, ಮೆಣಸಿನಕಾಯಿ, ಶೇಂಗಾ ಎಲ್ಲವೂ ದಕ್ಷಿಣ ಅಮೆರಿಕದ ಕಡೆಯಿಂದ ಬಂದವು, ಈಗ ನಮ್ಮವೇ ಆಗಿಬಿಟ್ಟಿವೆ ಎಂದು. ಏಕಾದಶಿಯ ದಿನ ಅನ್ನ, ಚಪಾತಿ ಮುಟ್ಟದ ಮನೆಗಳಲ್ಲೂ ಆಲೂಗಡ್ಡೆ, ಶೇಂಗಾ, ಸಾಬೂದಾಣೆ ನಡೆಯುತ್ತವೆ. ಇದಕ್ಕಿಂತ ಸಾಕ್ಷಿ ಏನು ಬೇಕು ಎನ್ನುತ್ತಾರೆ. ಆ ಮಾತಿನ ಔದಾರ್ಯ ನನಗೂ ಇಷ್ಟ. ಆಲೂಗಡ್ಡೆಯ ಮಟ್ಟಿಗೆ ಮಾತ್ರ ಅದನ್ನು ಒಪ್ಪಲಾರೆ. ಉಂಡ ಮಾತ್ರಕ್ಕೆ ಬೆಳೆ ನಮ್ಮದಾಗುವುದಿಲ್ಲ. ಅದರ ಬಿತ್ತನೆ ನಮ್ಮ ರೈತನ ಕೈಯಲ್ಲಿರಬೇಕು.

ಯಾರ್ಡಿನ ಭುಸಾರ್, ಅಂದರೆ ದಿನಸಿ ವಿಭಾಗದ ಮೆಣಸಿನಕಾಯಿ ಅಂಗಡಿಗಳಲ್ಲಿ ಬ್ಯಾಡಗಿ, ಸಂಕೇಶ್ವರಿ ಎಂದು ಕನ್ನಡದ ಊರುಗಳ ಹೆಸರೇ ಕೇಳಿಸುತ್ತವೆ. ಮೆಣಸಿನಕಾಯಿಯ ಕುಲಮೂಲ ಆಂಡಿಸ್ ಸೀಮೆ. ಮೆಕ್ಸಿಕೊದಲ್ಲಿ ಪಳಗಿ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗಿಳಿದದ್ದು. ಹಾವೇರಿ ಸೀಮೆಯ ರೈತರು ಒಳ್ಳೆಯ ಹಣ್ಣನ್ನು ಆರಿಸಿ, ಒಣಗಿಸಿ, ಬೀಜ ಎತ್ತಿಟ್ಟು ತಲೆಮಾರುಗಳ ಕಾಲ ಬಿತ್ತಿದರು. ಖಾರ ಕಡಿಮೆ, ಬಣ್ಣ ಗಾಢ, ಸಿಪ್ಪೆಯ ತುಂಬ ಸುಕ್ಕು: ಬ್ಯಾಡಗಿಯ ಡಬ್ಬಿ ಮತ್ತು ಕಡ್ಡಿ ತಳಿಗಳು ಹುಟ್ಟಿದ್ದು ಹಾಗೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಇದನ್ನು ನಮ್ಮದೆನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಆಲೂಗಡ್ಡೆಯ ಸಾಲಿನಲ್ಲಿ ಕೇಳಿಸುವುದು ಆಗ್ರಾ, ಇಂದೋರ್, ತಳೇಗಾಂವ್. ಲಾರಿ ಎಲ್ಲಿಂದ ಬಂತು ಎಂಬುದಷ್ಟೇ ಅದರಿಂದ ತಿಳಿಯುತ್ತದೆ, ತಳಿ ಯಾವುದು ಎಂದಲ್ಲ. ನಮ್ಮ ಹಾಸನವನ್ನೇ ನೋಡಿ. ಮುಂಗಾರಿಗೆ ಮುನ್ನ ಜಲಂಧರದ ಬಿತ್ತನೆ ಗೆಡ್ಡೆ ಬರಬೇಕು. ಬಂದದ್ದರ ದರ, ಗುಣಮಟ್ಟ ಎರಡೂ ರೈತನ ಹಿಡಿತದಲ್ಲಿಲ್ಲ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯೊಂದನ್ನೇ ಎಲ್ಲರೂ ನೆಚ್ಚಿಕೊಂಡರು. ಅಂಗಮಾರಿಗೆ ಅದರ ತಡೆಶಕ್ತಿ ಕುಸಿದಾಗ ಹೊಲಕ್ಕೆ ಹೊಲವೇ ಹೋಯಿತು, ಎಷ್ಟೋ ಮಂದಿ ಮುಸುಕಿನ ಜೋಳಕ್ಕೆ ಹೊರಳಿದರು.

ಪೆರುವಿನ ಬಾಳು ಬೇರೆ. ಆಂಡಿಸ್ ಪರ್ವತಗಳಲ್ಲಿ ಇಂದಿಗೂ ನಾಲ್ಕು ಸಾವಿರಕ್ಕೂ ಹೆಚ್ಚು ನಾಟಿ ತಳಿಗಳಿವೆ. ಕುಸ್ಕೊ ಬಳಿಯ ಪಿಸಾಕ್‌ನ ಆಲೂಗಡ್ಡೆ ಉದ್ಯಾನದಲ್ಲಿ ಕೆಚುವಾ ಸಮುದಾಯಗಳು ಒಂದೇ ಹೊಲದಲ್ಲಿ ಹತ್ತಾರು ಬಗೆ ಬೆರೆಸಿ ನಾಟಿ ಮಾಡುತ್ತವೆ: ಕೆಂಪು, ನೇರಳೆ, ಕಪ್ಪು, ಗಂಟುಗಂಟಾದವು. ಇಬ್ಬನಿ ಹೆಪ್ಪುಗಟ್ಟಿ ಒಂದು ಸತ್ತರೆ ಇನ್ನೊಂದು ಉಳಿಯುತ್ತದೆ. ಲಿಮಾದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು 2004ರ ಒಪ್ಪಂದದಂತೆ ಹೊಲದಿಂದ ಮರೆಯಾಗಿದ್ದ ತಳಿಗಳನ್ನು ಈ ಸಮುದಾಯಗಳಿಗೇ ಮರಳಿಸಿತು. ನಾವು ಅಲ್ಲಿಂದ ಗೆಡ್ಡೆಯನ್ನು ಪಡೆದೆವು, ಈ ಜಾಣತನವನ್ನು ಪಡೆಯಲಿಲ್ಲ.

ಹಾಸನದವರು ಸೋಮಾರಿಗಳೇ ಎಂದು ಯಾರಾದರೂ ಕೇಳಿಯಾರು. ಖಂಡಿತ ಅಲ್ಲ. ಮೆಣಸಿನಕಾಯಿ ಬೀಜದಿಂದ ಬೆಳೆಯುತ್ತದೆ, ಒಣಬೀಜ ಡಬ್ಬಿಯಲ್ಲಿ ಸುಮ್ಮನಿರುತ್ತದೆ. ಆಲೂಗಡ್ಡೆಗೆ ಗೆಡ್ಡೆಯೇ ಬಿತ್ತನೆ. ನಮ್ಮ ಸೆಕೆಯಲ್ಲಿ ಗಿಡಹೇನು ಹರಡುವ ನಂಜುರೋಗ ಗೆಡ್ಡೆಯೊಳಗೇ ಸೇರಿ ಬೆಳೆಯಿಂದ ಬೆಳೆಗೆ ಇಳುವರಿ ಕುಗ್ಗಿಸುತ್ತದೆ. ಆಂಡಿಸ್‌ನ ಎತ್ತರದ ಚಳಿಯಲ್ಲಿ, ಪಂಜಾಬಿನ ಚಳಿಗಾಲದಲ್ಲಿ ಗಿಡಹೇನಿನ ಕಾಟ ಕಡಿಮೆ.

ಹಾಗಾಗಿಯೇ ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದ ಕೆಲಸ ನನಗೆ ಮುಖ್ಯವೆನಿಸುತ್ತದೆ. ಅದೇ ಲಿಮಾ ಕೇಂದ್ರದ ಜೊತೆ ಸೇರಿ, ಅಂಗಾಂಶ ಕೃಷಿಯ ರೋಗಮುಕ್ತ ಗಿಡದ ಕುಡಿ ಚಿವುಟಿ ಬೇರು ಬರಿಸಿ, ಆ ಸಸಿಗಳನ್ನು ರೈತರಿಗೆ ತಲುಪಿಸುವ ವಿಧಾನವನ್ನು ಅಲ್ಲಿ ರೂಢಿಗೆ ತರಲಾಗಿದೆ. ಸಸಿ ನೆಟ್ಟವನು ತನ್ನ ಬಿತ್ತನೆ ಗೆಡ್ಡೆಯನ್ನು ತನ್ನ ಹೊಲದಲ್ಲೇ ತೆಗೆಯಬಹುದು. ಆದರೆ ಎಲ್ಲ ಸಸಿಗಳೂ ಒಂದೆರಡೇ ತಳಿಯವಾದರೆ ಕುಫ್ರಿ ಜ್ಯೋತಿಯ ಕಥೆಯೇ ಮರುಕಳಿಸುತ್ತದೆ. ಐದಾರು ತಳಿಗಳನ್ನಾದರೂ ರೈತರಿಗೆ ಕೊಡಬೇಕು. ಮಾರ್ಕೆಟ್ ಯಾರ್ಡಿನ ವರ್ತಕರೂ ಗಾತ್ರವೊಂದನ್ನೇ ನೋಡದೆ, ಬ್ಯಾಡಗಿಗೆ ಕಟ್ಟುವಂತೆ ತಳಿ ನೋಡಿ ಬೆಲೆ ಕಟ್ಟಬೇಕು.