ನಮ್ಮೂರ ಕ್ಯಾಮೆರಾಗಳಿಗೆ ಇರುಳುಗುರುಡು!

ದಾವಣಗೆರೆಯಲ್ಲಿ ಬೆಣ್ಣೆದೋಸೆ ಅಂಗಡಿ ಇಲ್ಲದ ಬೀದಿ ಬೇಕಾದರೆ ಸಿಕ್ಕೀತು, ಕ್ಯಾಮೆರಾ ಇಲ್ಲದ ಬೀದಿ ಸಿಗುವುದು ಈಗ ಕಷ್ಟ. ಪಿ.ಜೆ. ಬಡಾವಣೆಯಿಂದ ಹಿಡಿದು ನಿಟ್ಟುವಳ್ಳಿಯವರೆಗೆ ಸಜ್ಜಾಕ್ಕೊಂದು, ಗೇಟಿಗೊಂದು, ಮೆಟ್ಟಿಲಿಗೊಂದು ಬಿಳೀ ಡಬ್ಬಿ ಕಣ್ಣು ಬಿಟ್ಟುಕೊಂಡು ಕೂತಿದೆ. ಕೆಳಗೆ “ಎಚ್ಚರಿಕೆ, ನೀವು ಕ್ಯಾಮೆರಾ ಕಣ್ಗಾವಲಿನಲ್ಲಿದ್ದೀರಿ” ಎಂಬ ಬೋರ್ಡು ಬೇರೆ. ಸಂತೋಷ. ಆದರೆ ಸ್ವಾಮಿ, ಒಂದು ಮಾತು ಕೇಳಬೇಕು. ರಾತ್ರಿ ಎರಡು ಗಂಟೆಗೆ ನಿಮ್ಮ ಗೇಟು ಹಾರಿದವನ ಮುಖ ಅದರಲ್ಲಿ ಕಾಣುತ್ತದೆಯೇ?

ಹಗಲಿನ ಮಾತು ಬೇಡ. ಹಗಲಿನಲ್ಲಿ ಸೊಪ್ಪಿನ ಗಾಡಿಯವನ ಮೀಸೆಯೂ ಎಣಿಸಬಹುದು. ಅದನ್ನೇ ಮೊಬೈಲಿನಲ್ಲಿ ನೆಂಟರಿಗೆ ತೋರಿಸಿ “ನೋಡ್ರಿ, ಎಷ್ಟು ಕ್ಲಿಯರ್ ಐತಿ” ಎಂದು ಬೀಗುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ರಾತ್ರಿಯ ಚಿತ್ರವನ್ನು ಯಾರೂ ತೋರಿಸುವುದಿಲ್ಲ. ತೋರಿಸಿದರೆ ಅಲ್ಲಿರುವುದು ಒಂದು ಬಿಳೀ ದೆವ್ವ, ಎರಡು ಹೊಳೆಯುವ ಕಣ್ಣು, ನಡುವೆ ಒಂದು ಜೇಡರ ಬಲೆ.

ನಕ್ಕು ಸುಮ್ಮನಾಗಬಹುದಾದ ಸಂಗತಿ ಇದಲ್ಲ. ಕಳೆದ ಮಳೆಗಾಲದಲ್ಲಿ ಊರಿನ ಒಂದು ಬಡಾವಣೆಯಲ್ಲಿ (ಹೆಸರು ಬೇಡ, ಆ ಮನೆಯವರು ನಮ್ಮ ಓದುಗರೇ) ಕಾಂಪೌಂಡಿನೊಳಗಿದ್ದ ಬೈಕು ರಾತ್ರೋರಾತ್ರಿ ಹೋಯಿತು. ಕ್ಯಾಮೆರಾ ಇತ್ತು. ಚಿತ್ರವೂ ಬಿದ್ದಿತ್ತು. ಬಿಳೀ ಜರ್ಕಿನ್ ತೊಟ್ಟ ಒಬ್ಬ ಆಸಾಮಿ, ಮುಖದ ಜಾಗದಲ್ಲಿ ಹಿಟ್ಟು ಬಳಿದಂಥ ಒಂದು ಗುಂಡು. ಬೆಳಗಾಗುವುದರೊಳಗೆ ಅದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು. ಒಬ್ಬರು, “ಹಾಲಿನ ಹುಡುಗ ಅಲ್ವೇನ್ರೀ? ಅವನ್ದೇ ನಡಿಗೆ” ಎಂದರು. ಇನ್ನೊಬ್ಬರು, “ಜರ್ಕಿನ್ನೂ ಅವನ್ದೇ” ಎಂದರು. ಮೂರನೆಯವರು ಅವನನ್ನು ಹಿಡಿದು ನಿಲ್ಲಿಸಿಯೇಬಿಟ್ಟರು. ಮುಂಜಾನೆ ಪ್ಯಾಕೆಟ್ಟು ಹಾಕಲು ಬಂದ ಹುಡುಗ ಮಧ್ಯಾಹ್ನದವರೆಗೆ ಠಾಣೆಯ ಬೆಂಚಿನ ಮೇಲೆ ಕೂತ. ಅವನಲ್ಲ ಎಂದು ಗೊತ್ತಾಗಲು ಎರಡು ದಿನ ಹಿಡಿಯಿತು. ಆಮೇಲೆ ಸಿಕ್ಕ ಅಸಲಿ ಆಸಾಮಿಯ ಜರ್ಕಿನ್ ಕಡುಗಪ್ಪು!

ಕಪ್ಪು ಬಿಳಿಯಾದದ್ದು ಹೇಗೆ? ಕತ್ತಲಾದ ಕೂಡಲೇ ಈ ಕ್ಯಾಮೆರಾಗಳು ಬಣ್ಣ ಬಿಟ್ಟು ಕಪ್ಪು-ಬಿಳುಪಿಗೆ ತಿರುಗುತ್ತವೆ. ಕಣ್ಣಿನ ಸುತ್ತ ಇರುವ ಸಣ್ಣ ದೀಪಗಳು ಅತಿಗೆಂಪು ಬೆಳಕು ಚೆಲ್ಲುತ್ತವೆ. ಸಾಮಾನ್ಯವಾಗಿ ಇದು 850 ನ್ಯಾನೋಮೀಟರಿನ ಬೆಳಕು, ನಮಗೆ ದೀಪದಲ್ಲಿ ಮಂಕು ಕೆಂಪು ಮಾತ್ರ ಕಾಣುತ್ತದೆ. ಈ ಬೆಳಕಿಗೆ ಬಟ್ಟೆಯ ಬಣ್ಣ ಲೆಕ್ಕಕ್ಕಿಲ್ಲ. ಎಷ್ಟೋ ನೈಲಾನ್, ಪಾಲಿಯೆಸ್ಟರ್ ಕರಿಬಟ್ಟೆಗಳು ಅದನ್ನು ಹಾಗೆಯೇ ಹಿಂದಕ್ಕೆ ಕಳಿಸುತ್ತವೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತವೆ. ಹೀಗಾಗಿ ರಾತ್ರಿಯ ಚಿತ್ರ ನೋಡಿ “ಬಿಳಿ ಅಂಗಿ” ಎಂದು ದೂರು ಬರೆಸುವವರು ಪೊಲೀಸರನ್ನು ದಾರಿ ತಪ್ಪಿಸುತ್ತಾರೆ. ಮಬ್ಬು ಚಿತ್ರ ಕಳ್ಳನನ್ನು ಬಿಟ್ಟುಬಿಡುತ್ತದೆ ಎನ್ನುವುದು ಅರ್ಧ ಮಾತು. ಅದು ಬೇರೊಬ್ಬನನ್ನು ಹಿಡಿದುಕೊಡುತ್ತದೆ ಎನ್ನುವುದು ಇನ್ನರ್ಧ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರನನ್ನು ಹೊಡೆದು ಕೊಂದದ್ದನ್ನು ಈ ರಾಜ್ಯ ಇನ್ನೂ ಮರೆತಿಲ್ಲ ಅಂದುಕೊಳ್ಳುತ್ತೇವೆ. ನಮ್ಮ ಹಾಲಿನ ಹುಡುಗನಿಗೆ ಅಷ್ಟಾಗಲಿಲ್ಲ, ಪುಣ್ಯ. ಆ ಬಡಾವಣೆಯ ಲೈನು ಮಾತ್ರ ಈಗ ಬೇರೆ ಹುಡುಗನದು.

ಇಂಥದ್ದೇನಾದರೂ ನಡೆದ ಮಾರನೆಯ ವಾರ ಅಂಗಡಿಯವನು ಮನೆಗೆ ಬರುತ್ತಾನೆ. “ಯಜಮಾನ್ರೇ, ನಿಮ್ದು ಎರಡು ಮೆಗಾಪಿಕ್ಸೆಲ್, ಹಳೇದಾಯ್ತು. ಎಂಟು ಹಾಕಿಸ್ಬಿಡ್ರಿ, ಕಳ್ಳನ ಹಲ್ಲೂ ಕಾಣ್ತೈತಿ.” ಯಜಮಾನರು ಹಾಕಿಸುತ್ತಾರೆ. ಹಲ್ಲು ಹಾಗಿರಲಿ, ತಲೆ ಇದೆಯೋ ಇಲ್ಲವೋ ಎನ್ನುವುದೇ ಮತ್ತೆ ಅನುಮಾನ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ, ಬೇಸರ ಪಡಬೇಡಿ. ಗುರುತಿಲ್ಲದ ಮನುಷ್ಯನ ಗುರುತು ಹಿಡಿಯಲು ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಚುಕ್ಕಿಯಾದರೂ ಬೇಕು ಎಂದು 2014ರ ಐ.ಇ.ಸಿ. ಮಾನದಂಡ ಹೇಳಿತು. ಕ್ಯಾಮೆರಾ ಕಂಪನಿಗಳ ಪಟ್ಟಿಗಳಲ್ಲಿ ಈಗಲೂ ನಡೆಯುವುದು ಆ ಲೆಕ್ಕವೇ. ಮುಖದ ಅಗಲ ಸುಮಾರು 16 ಸೆಂಟಿಮೀಟರ್. ಅಂದರೆ ಮುಖಕ್ಕೆ 40 ಚುಕ್ಕಿ. ನಮ್ಮಲ್ಲಿ ಮನೆಮನೆಗೆ ಹಾಕಿರುವ 2.8 ಮಿಲಿಮೀಟರಿನ ಅಗಲ ಗಾಜಿನ ಕ್ಯಾಮೆರಾ ಇಡೀ ಬೀದಿಯನ್ನು ನುಂಗುತ್ತದೆ. ಎರಡು ಮೆಗಾಪಿಕ್ಸೆಲ್ಲಿನದಾದರೆ, ಮೂವತ್ತು ಅಡಿ ದೂರದ ಮುಖಕ್ಕೆ ಅದು ಕೊಡುವುದು ಹದಿಮೂರು ಚುಕ್ಕಿ. ಹದಿಮೂರು ಚುಕ್ಕಿಯಲ್ಲಿ ಒಳ್ಳೇ ರಂಗೋಲಿ ಬಿಡಬಹುದು, ಮುಖ ಬಿಡಿಸಲಾಗದು. ಎಂಟು ಮೆಗಾಪಿಕ್ಸೆಲ್ ತಂದರೆ ಇಪ್ಪತ್ತಾರು ಆಗುತ್ತದೆ. ದುಡ್ಡು ಸುರಿದರೂ ನಲವತ್ತು ಮುಟ್ಟಲಿಲ್ಲ! ಅದೇ ಹಳೇ ಎರಡು ಮೆಗಾಪಿಕ್ಸೆಲ್ಲಿನಲ್ಲೇ 6 ಮಿಲಿಮೀಟರಿನ ಗಾಜಿರುವುದನ್ನು ತಂದು, ಬರೀ ಗೇಟಿಗೆ ಗುರಿಯಿಟ್ಟರೆ, ಇಪ್ಪತ್ತು ಅಡಿಯಲ್ಲಿ ಮುಖಕ್ಕೆ ಸುಮಾರು ಐವತ್ತು ಚುಕ್ಕಿ ಸಿಗುತ್ತದೆ. ಇದನ್ನು ಅಂಗಡಿಯವನು ಏಕೆ ಹೇಳುವುದಿಲ್ಲ ಎಂದು ನಾವು ಹೇಳಬೇಕಾಗಿಲ್ಲ.

ಇದೂ ಹಗಲಿನ ಲೆಕ್ಕವೇ. ರಾತ್ರಿಯದು ಇನ್ನೊಂದು ಕಥೆ. ಮಳೆ ಬಂದಾಗ ಸೂರಿನ ಕೆಳಗೆ ಹಂಡೆ ಇಟ್ಟರೆ ನೀರು ತುಂಬುತ್ತದೆ. ಅದೇ ಜಾಗದಲ್ಲಿ ಹಂಡೆ ತೆಗೆದು ಸಾಲಾಗಿ ಲೋಟ ಜೋಡಿಸಿದರೆ ಒಂದೊಂದಕ್ಕೆ ಎಷ್ಟು ಬಿದ್ದೀತು? ಕ್ಯಾಮೆರಾದೊಳಗಿನ ಚಿಪ್ಪಿನದೂ ಅದೇ ಕಥೆ. ಚಿಪ್ಪು ಅಷ್ಟೇ ಇಟ್ಟು ಚುಕ್ಕಿ ಹೆಚ್ಚಿಸಿದರೆ ಒಂದೊಂದು ಚುಕ್ಕಿಗೆ ಬೀಳುವ ಬೆಳಕು ಕಮ್ಮಿ. ಕತ್ತಲಲ್ಲಿ ಬರೀ ಮರಳು ಎರಚಿದ ಹಾಗೆ ಚಿತ್ರ. ಬೆಳಕು ಸಾಲದೆ ಕ್ಯಾಮೆರಾ ಕಣ್ಣು ತೆರೆದೇ ಇಟ್ಟುಕೊಳ್ಳುತ್ತದೆ, ಒಂದೊಂದು ಚಿತ್ರಕ್ಕೂ ಸೆಕೆಂಡಿನ ಇಪ್ಪತ್ತೈದರಲ್ಲಿ ಒಂದು ಭಾಗ. ಅಷ್ಟರಲ್ಲಿ ಬಿರುಸಾಗಿ ನಡೆಯುವವನ ಮುಖ ಆರು ಸೆಂಟಿಮೀಟರ್ ಸರಿದಿರುತ್ತದೆ. ಹದಿನಾರಕ್ಕೆ ಆರು ಉಜ್ಜಿಹೋದರೆ ಮೂಗೆಲ್ಲಿ, ಬಾಯೆಲ್ಲಿ?

ಹಾಗಾಗಿ ನಮ್ಮ ಮಾತು ಇಷ್ಟು: ಹೊಸ ಕ್ಯಾಮೆರಾ ತರುವ ಮುನ್ನ ಒಂದು ಬಲ್ಬು ತನ್ನಿ. ಗೇಟಿನ ಮೇಲೆ ಒಂಬತ್ತು ವ್ಯಾಟಿನ ಎಲ್‌ಇಡಿ ರಾತ್ರಿಯೆಲ್ಲಾ ಉರಿದರೂ ತಿಂಗಳಿಗೆ ಮೂರೂಕಾಲು ಯೂನಿಟ್. ಗೃಹಜ್ಯೋತಿಯಲ್ಲಿರುವ ಮನೆಯವರೂ ಇದಕ್ಕೆ ಹೆದರಬೇಕಾಗಿಲ್ಲ. ಬೆಳಕಿದ್ದರೆ ಕ್ಯಾಮೆರಾವನ್ನು ಬಣ್ಣದಲ್ಲೇ ಇರುವಂತೆ ಕೂರಿಸಬಹುದು. ಕಪ್ಪು ಜರ್ಕಿನ್ ಕಪ್ಪಾಗಿಯೇ ಉಳಿಯುತ್ತದೆ. ದೀಪ ಕ್ಯಾಮೆರಾದ ಕಡೆಯಿಂದ ಮುಖದ ಮೇಲೆ ಬೀಳಬೇಕು. ಬಂದವನ ಬೆನ್ನ ಹಿಂದೆ ದೀಪವಿದ್ದರೆ ಕಾಣುವುದು ನೆರಳು ಮಾತ್ರ. ನೆತ್ತಿಯ ಮೇಲಿದ್ದರೆ ಕಣ್ಣಿನ ಜಾಗದಲ್ಲಿ ಎರಡು ಗುಳಿ. ಕತ್ತಲಲ್ಲೂ ಬಣ್ಣ ತೋರುವ, ದೊಡ್ಡ ಚಿಪ್ಪು, ಅಗಲ ಬಾಯಿಯ ಗಾಜಿನ ಕ್ಯಾಮೆರಾಗಳು ಈಗ ಬಂದಿವೆ, ನಿಜ, ಒಳ್ಳೆಯವೇ. ಆದರೆ ಅವಕ್ಕೂ ಒಂದಿಷ್ಟು ಬೆಳಕು ಬೇಕು. ಅದಕ್ಕೇ ಅವುಗಳಲ್ಲಿ ಹೆಚ್ಚಿನವು ಪಕ್ಕದಲ್ಲೇ ಬಿಳೀ ದೀಪ ಕಟ್ಟಿಕೊಂಡು ಬರುತ್ತವೆ. ಬಲ್ಬಿಗೇ ನೀವು ಅಲ್ಲಿ ದುಡ್ಡು ಕೊಡುತ್ತಿದ್ದೀರಿ.

ಎತ್ತರದ ವಿಚಾರ. “ಕೈಗೆ ಸಿಗಬಾರದು” ಎಂದು ಎರಡನೇ ಮಹಡಿಯ ಸಜ್ಜಾಕ್ಕೆ ಹೊಡೆಸುತ್ತೀರಿ. ಅಲ್ಲಿಂದ ಕಾಣುವುದು ಟೋಪಿ, ಇಲ್ಲವೇ ಬೋಳುತಲೆ. ಮುಖ ಬೇಕಾದರೆ ಏಳೆಂಟು ಅಡಿಯಲ್ಲಿರಬೇಕು. ಕಿತ್ತುಕೊಂಡು ಹೋದರೆ? ಮೇಲಿನದು ಕೆಳಗಿನದನ್ನು ಕಾಯಲಿ. ಅಂಗಳಕ್ಕೊಂದು, ಮುಖಕ್ಕೊಂದು. ಒಂದೇ ಕ್ಯಾಮೆರಾ ಎರಡೂ ಕೆಲಸ ಮಾಡುವುದಿಲ್ಲ. ಮುಖಕ್ಕಿಡುವುದು ನಿಮ್ಮ ಗೇಟನ್ನು ನೋಡಲಿ, ಎದುರು ಮನೆಯ ಹಿತ್ತಿಲನ್ನಲ್ಲ. ಆ ಜಗಳ ಶುರುವಾದರೆ ಕಳ್ಳನೇ ವಾಸಿ ಅನ್ನಿಸುತ್ತದೆ.

ಇನ್ನು ಜೇಡ. ಕ್ಯಾಮೆರಾದ ಬೆಚ್ಚಗಿನ ಮೈ ಅದಕ್ಕೆ ಬಲು ಇಷ್ಟ, ದೀಪಕ್ಕೆ ಬರುವ ಹುಳು ಪುಕ್ಕಟೆ ಊಟ. ಮೂಗಿನ ಹತ್ತಿರದ ಒಂದು ಎಳೆ ಬಲೆ ಅತಿಗೆಂಪು ಬೆಳಕನ್ನೆಲ್ಲಾ ವಾಪಸು ಕಳಿಸಿ ಇಡೀ ಚಿತ್ರವನ್ನು ಮಂಜು ಮಾಡುತ್ತದೆ. ಪಕ್ಕದಲ್ಲಿ ಸುಣ್ಣದ ಗೋಡೆ ಇದ್ದರೂ ಅದೇ ಪಾಡು. ಹದಿನೈದು ದಿನಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾವಿರಾರು ರೂಪಾಯಿಯ ಹೊಸ ಕ್ಯಾಮೆರಾ ತಂದಷ್ಟು ಫಲ. ಯಾರು ಒರೆಸುತ್ತಾರೆ?

ನಂಬರ್ ಪ್ಲೇಟಿನ ಆಸೆಯನ್ನಂತೂ ಮಾಮೂಲಿ ಕ್ಯಾಮೆರಾದಲ್ಲಿ ಬಿಡಿ. ಗಾಡಿಯ ಹೆಡ್‌ಲೈಟು ಕಣ್ಣು ಕುಕ್ಕುತ್ತದೆ. ಬೆಳಕನ್ನು ತಿರುಗಿ ಹೊಳೆಯಿಸುವ ಪ್ಲೇಟು ಅತಿಗೆಂಪಿನಲ್ಲಿ ಬರೀ ಬಿಳಿ ಪಟ್ಟಿ. ಅದಕ್ಕೆ ಕಿರಿದಾದ ನೋಟದ, ಬೇಗ ಕಣ್ಣು ಮಿಟುಕಿಸುವ ಬೇರೆಯೇ ಕ್ಯಾಮೆರಾ ಬೇಕು. ಬೀದಿಯವರು ಕೂಡಿ ತಿರುವಿಗೊಂದು ಹಾಕಿಸಿದರೆ ಅರ್ಥವಿದೆ, ಮನೆಗೊಂದು ದಂಡ.

ಇಲ್ಲೊಂದು ಮೋಸದ ಜಾಗವಿದೆ, ಓದುಗರು ಗಮನಿಸಬೇಕು. ಎಲ್ಲರಿಗೂ “ಒಂದು ತಿಂಗಳ ರೆಕಾರ್ಡಿಂಗ್” ಬೇಕು. ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ಚಿತ್ರ ಇಟ್ಟುಕೊಳ್ಳಿ ಎಂದದ್ದು ಹೆಚ್ಚು ಜನ ಸೇರುವ ಅಂಗಡಿ, ಆಸ್ಪತ್ರೆ, ಕಾಲೇಜುಗಳಂಥ ಕಡೆಗೆ. ಮನೆಯವರೂ ಅದನ್ನೇ ಕೇಳುತ್ತಾರೆ. ಅಂಗಡಿಯವನು “ಆಯ್ತು ಸಾರ್” ಎಂದು ಒಂದು ಟಿ.ಬಿ. ಡಿಸ್ಕು ಹಾಕುತ್ತಾನೆ. ನಾಲ್ಕು ಕ್ಯಾಮೆರಾ, ಒಂದೊಂದು ಸೆಕೆಂಡಿಗೆ ಎರಡು ಮೆಗಾಬಿಟ್ ಎಂದಿಟ್ಟುಕೊಂಡರೂ ದಿನಕ್ಕೆ 86 ಜಿ.ಬಿ. ಆಗುತ್ತದೆ, ಹನ್ನೊಂದೂವರೆ ದಿನಕ್ಕೆ ಡಿಸ್ಕು ಭರ್ತಿ. ಮತ್ತೆ ಒಂದು ತಿಂಗಳು ಬಂದದ್ದು ಹೇಗೆ? ಚಿತ್ರವನ್ನು ಹಿಂಡಿ! ಹಾಲಿಗೆ ನೀರು ಬೆರೆಸಿದ ಹಾಗೆ. ಹಗಲಿನಲ್ಲಿ ಗೊತ್ತಾಗುವುದಿಲ್ಲ, ರಾತ್ರಿ ಮುಖವೆಲ್ಲಾ ಚೌಕ ಚೌಕ. ಡಬ್ಬಿಯ ಸೆಟ್ಟಿಂಗಿನಲ್ಲಿ 1080 ಪಕ್ಕ ‘ಎನ್’ ಅಕ್ಷರವಿದ್ದರೆ ಅಡ್ಡಗಲದ ಚುಕ್ಕಿಗಳಲ್ಲಿ ಅರ್ಧದಷ್ಟನ್ನು ಅದು ಆಗಲೇ ಬಿಟ್ಟುಬಿಟ್ಟಿದೆ ಎಂದು ತಿಳಿಯಿರಿ. ಮನೆಗೆ ಹತ್ತು ದಿನದ ಒಳ್ಳೇ ಚಿತ್ರ ಸಾಕು. ಊರಿಗೆ ಹೋಗಿ ಹದಿನೈದು ದಿನ ಇರುವವರಾದರೆ ಡಿಸ್ಕು ದೊಡ್ಡದು ಹಾಕಿಸಲಿ.

ಗಡಿಯಾರವನ್ನೂ ಒಮ್ಮೆ ನೋಡಿ. ಎಷ್ಟೋ ಮನೆಯ ಡಬ್ಬಿಯಲ್ಲಿ ಇನ್ನೂ ಹೋದ ವರ್ಷದ ತಾರೀಖು ಓಡುತ್ತಿರುತ್ತದೆ. ನಾಳೆ ಪೊಲೀಸರು ನಿಮ್ಮದನ್ನೂ ಮುಂದಿನ ಬೀದಿಯದನ್ನೂ ಜೋಡಿಸಿ ನೋಡುವಾಗ ಗಂಟೆ ಹೊಂದದಿದ್ದರೆ ಕೇಸು ಅಲ್ಲೇ ಸಡಿಲ. ಕೋರ್ಟಿಗೆ ಹೋಗುವ ಚಿತ್ರಕ್ಕೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಬೇಕು. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿದ ತುಣುಕು ಅಲ್ಲಿ ನಿಲ್ಲುವುದು ಕಷ್ಟ. ಅಸಲು ಡಬ್ಬಿಯಲ್ಲೇ ಇರಲಿ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಠಾಣೆಗೆ ಹೋಗಲಿ. ಗುಂಪಿಗೆ ಯಾಕೆ ಸ್ವಾಮಿ?

ಬಲ್ಬಿನ ಮಾತು ಬಂದ ಮೇಲೆ ಬೀದಿದೀಪದ ಮಾತು ಬಿಡುವುದು ಹೇಗೆ? ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿ 2016ರ ಜನವರಿಯಲ್ಲಿ ಬಂದಾಗ ಅದರಲ್ಲಿ ದಾವಣಗೆರೆಯೂ ಇತ್ತು, ಊರೆಲ್ಲಾ ಹಿಗ್ಗಿದೆವು. ಆದರೆ ಯಾವ ಊರಿನಲ್ಲೇ ಆಗಲಿ, ಕಂಬದ ದೀಪ ಕೆಟ್ಟರೆ ಕಂಬದವರು ದೀಪದವರನ್ನು ತೋರಿಸುತ್ತಾರೆ, ದೀಪದವರು ಗುತ್ತಿಗೆಯವರನ್ನು ತೋರಿಸುತ್ತಾರೆ. ಜನ ಬೇಸತ್ತು ಮನೆಗೆ ಬಂದು ಕ್ಯಾಮೆರಾ ಹಾಕಿಸುತ್ತಾರೆ. ಕತ್ತಲೆಯನ್ನು ಕತ್ತಲೆಯಾಗಿಯೇ ಬಿಟ್ಟು ಅದರ ಫೋಟೋ ತೆಗೆಸುವ ಈ ಬುದ್ಧಿವಂತಿಕೆಗೆ ಏನನ್ನೋಣ? ಇಡೀ ಬೀದಿಯ ಹತ್ತು ಮನೆಯವರು ಕ್ಯಾಮೆರಾಕ್ಕೆ ಸುರಿದ ಹಣ ಒಟ್ಟು ಹಾಕಿ ನೋಡಿ. ಅದರ ನೂರನೇ ಒಂದು ಪಾಲು ಗಂಟಲನ್ನು ಒಂದು ದೀಪಕ್ಕಾಗಿ ಖರ್ಚು ಮಾಡಿದ್ದರೆ ಆಗುತ್ತಿತ್ತು. ದೂರು ಕೊಡುವಾಗ “ನಮ್ಮ ಬೀದಿ” ಎನ್ನಬೇಡಿ, ಕಂಬದ ನಂಬರ್ ಇದ್ದರೆ ಅದನ್ನೇ ಬರೆಯಿರಿ, ಸ್ವೀಕೃತಿ ಕೇಳಿ.

ದುಡ್ಡು ಬಿಚ್ಚುವ ಮುಂಚೆ ಇವತ್ತೇ ರಾತ್ರಿ ಒಂದು ಪರೀಕ್ಷೆ ಮಾಡಿ. ಹನ್ನೊಂದು ಗಂಟೆಗೆ ಮಗನನ್ನೋ ಅಳಿಯನನ್ನೋ ಗೇಟು ತೆಗೆದು ಒಳಗೆ ಬರಲು ಹೇಳಿ, ಬಿರುಸಾಗಿ. ಆಮೇಲೆ ಚಿತ್ರ ನಿಲ್ಲಿಸಿ ನೋಡಿ. ನಿಮಗೆ ಗುರುತು ಸಿಕ್ಕೇ ಸಿಗುತ್ತದೆ, ಏಕೆಂದರೆ ಅವನ ನಡಿಗೆ, ಭುಜ, ತಲೆ ಕೆರೆದುಕೊಳ್ಳುವ ರೀತಿ ಎಲ್ಲಾ ನಿಮಗೆ ಗೊತ್ತು. ಮಬ್ಬಿನಲ್ಲಿ ಹಾಲಿನ ಹುಡುಗನನ್ನು ‘ಕಂಡ’ವರೂ ಹೀಗೇ ಕಂಡದ್ದು. ಆದ್ದರಿಂದ ಆ ಚಿತ್ರವನ್ನು ನೀವು ನೋಡಬೇಡಿ. ಅವನನ್ನು ಯಾವತ್ತೂ ನೋಡಿರದ ಒಬ್ಬರಿಗೆ ತೋರಿಸಿ, ಮಾರನೇ ದಿನ ನಾಲ್ಕು ಜನ ಹುಡುಗರ ನಡುವೆ ಅವನನ್ನು ನಿಲ್ಲಿಸಿ, ಯಾರು ಎಂದು ಕೇಳಿ.