ಬಣ್ಣವಳಿದ ವಾದ್ಯ

ವಸ್ತುಗಳನ್ನು ಕೂಡಿಡುವವರಲ್ಲಿ ಎರಡು ಬಗೆಯವರುಂಟು. ವಸ್ತುವು ತಮ್ಮಲ್ಲಿದೆಯೆಂಬುದರಿಂದಲೇ ತೃಪ್ತಿಪಡುವವರು ಒಂದು ಬಗೆ. ಅದರಿಂದಾಗಬೇಕಾದ ಕೆಲಸಕ್ಕಾಗಿ ಇಟ್ಟುಕೊಳ್ಳುವವರು ಮತ್ತೊಂದು ಬಗೆ. ಸಂಸ್ಕೃತದಲ್ಲಿ ಮೊದಲನೆಯವರ ವಸ್ತುವನ್ನು ಪರಿಗ್ರಹವೆಂದೂ ಎರಡನೆಯವರದನ್ನು ಉಪಕರಣವೆಂದೂ ಕರೆಯಬಹುದು. ಪರಿಗ್ರಹವೆಂದರೆ ಸುತ್ತಲಿಂದಲೂ ಹಿಡಿದುಕೊಂಡದ್ದು. ಉಪಕರಣವೆಂದರೆ ಕಾರ್ಯದ ಬಳಿಯಲ್ಲಿದ್ದು ನೆರವಾಗತಕ್ಕದ್ದು. ಒಂದೇ ವಸ್ತುವು ಒಬ್ಬನ ಮನೆಯಲ್ಲಿ ಪರಿಗ್ರಹವಾಗಿಯೂ ಮತ್ತೊಬ್ಬನ ಕೈಯಲ್ಲಿ ಉಪಕರಣವಾಗಿಯೂ ಇರುವುದುಂಟು. ಈ ಭೇದವನ್ನು ಚೆನ್ನಾಗಿ ತೋರಿಸುವ ದೃಷ್ಟಾಂತವೊಂದು ದೂರದ ಐರ್ಲೆಂಡಿನಲ್ಲಿ ದೊರೆಯುತ್ತದೆ. ಅದನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ರೋರಿ ಗ್ಯಾಲಹರ್ ಎಂಬಾತನು 1948ರಲ್ಲಿ ಐರ್ಲೆಂಡಿನ ಬ್ಯಾಲಿಶಾನನ್ ಎಂಬ ಊರಿನಲ್ಲಿ ಹುಟ್ಟಿ, ಕಾರ್ಕ್ ನಗರದಲ್ಲಿ ಬೆಳೆದವನು. ಊರೂರು ತಿರುಗಿ ಗಿಟಾರು ನುಡಿಸುವುದೇ ಆತನ ಜೀವನವಾಗಿತ್ತು. 1963ರಲ್ಲಿ, ಇನ್ನೂ ಹದಿನೈದು ವರ್ಷದ ಹುಡುಗನಾಗಿದ್ದಾಗಲೇ, ಕಾರ್ಕ್ ನಗರದ ಕ್ರೌಲಿ ಎಂಬವರ ಅಂಗಡಿಯಲ್ಲಿ ಅಮೆರಿಕದ ಫೆಂಡರ್ ಕಾರ್ಖಾನೆಯವರು 1961ರಲ್ಲಿ ಮಾಡಿದ ಸ್ಟ್ರ್ಯಾಟೊಕ್ಯಾಸ್ಟರ್ ಜಾತಿಯ ಗಿಟಾರೊಂದನ್ನು ಕೊಂಡನು. ಅದು ಬಳಸಿದ ವಾದ್ಯವೇ. ಆದರೂ ಬೆಲೆ ಸುಮಾರು 100 ಪೌಂಡು. ಸಾಮಾನ್ಯ ಸಂಸಾರಕ್ಕೆ ಅಂದಿನ ದಿನದಲ್ಲಿ ಇದು ಭಾರವಾದ ಮೊತ್ತ. ಹುಡುಗನು ಕಂತುಗಳ ಮೇಲೆ ಕೊಂಡು, ನೃತ್ಯಶಾಲೆಗಳಲ್ಲಿ ಮೇಳದವರೊಡನೆ ನುಡಿಸಿ ದುಡಿದನು. ಆ ವಾದ್ಯವನ್ನು ಆತನು ಕಡೆಯವರೆಗೂ ಮಾರಲಿಲ್ಲ.

ಈ ಬಗೆಯ ಗಿಟಾರಿನ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮ ವೀಣೆಗೆ ಕೊಡವಿದೆ. ಅದರ ಒಳಗಿನ ಬಯಲೇ ನಾದವನ್ನು ಹಿಗ್ಗಿಸುತ್ತದೆ. ಈ ಗಿಟಾರಿನ ಒಡಲಾದರೋ ಗಟ್ಟಿಯಾದ ಮರದ ಹಲಗೆ. ಆರು ತಂತಿಗಳ ಕೆಳಗೆ, ತಾಮ್ರದ ಸಣ್ಣ ಎಳೆಯನ್ನು ಸಾವಿರಾರು ಸುತ್ತು ಸುತ್ತಿದ ಅಯಸ್ಕಾಂತಗಳನ್ನು ಮೂರು ಸಾಲಾಗಿ ಕೂಡಿಸಿರುತ್ತಾರೆ. ಉಕ್ಕಿನ ತಂತಿಯು ಮಿಡಿದಾಗ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕವು ಅದನ್ನು ಬೆಳೆಸಿ ನಾದವಾಗಿಸುತ್ತದೆ. ಆದಕಾರಣ ಇಂತಹ ವಾದಕನಿಗೆ ವಾದ್ಯವೊಂದೇ ಸಾಲದು. ಗ್ಯಾಲಹರನ ಬಳಿ ವಾಕ್ಸ್ ಎಂಬ ಆಂಗ್ಲ ಕಾರ್ಖಾನೆಯ 30 ವ್ಯಾಟಿನ ಧ್ವನಿವರ್ಧಕವಿತ್ತು. ಅದಕ್ಕೂ ಗಿಟಾರಿಗೂ ನಡುವೆ, ಒಂದೇ ಟ್ರಾನ್ಸಿಸ್ಟರಿನಿಂದ ಕೆಲಸಮಾಡುವ ರೇಂಜ್‌ಮಾಸ್ಟರ್ ಎಂಬ ಚಿಕ್ಕ ಪೆಟ್ಟಿಗೆಯೊಂದಿತ್ತು. ತಾರಸ್ವರಗಳಿಗೆ ತೀಕ್ಷ್ಣತೆಯನ್ನು ಕೊಡುವುದು ಅದರ ಕೆಲಸ. ನೋಡುವವರಿಗೆ ಇದೆಲ್ಲ ಸಾಮಾನುಗಳ ರಾಶಿಯಾಗಿ ಕಾಣಬಹುದು. ನುಡಿಸುವವನಿಗೆ ಇವೆಲ್ಲ ಸೇರಿಯೇ ಒಂದು ವಾದ್ಯ.

ಆತನ ಉಳಿದ ವಾದ್ಯಗಳಿಗೂ ಹೀಗೆಯೇ ಒಂದೊಂದು ನಿಯೋಗವಿತ್ತು. ನಮ್ಮ ಗೋಟುವಾದ್ಯದಲ್ಲಿ ಮರದ ತುಂಡನ್ನು ತಂತಿಯ ಮೇಲೆ ಜಾರಿಸಿ ಸ್ವರವನ್ನು ಹೊರಡಿಸುವಂತೆ, ಬೆರಳಿಗೆ ನಳಿಗೆಯನ್ನು ತೊಟ್ಟು ಜಾರಿಸುವ ಕ್ರಮವು ಗಿಟಾರಿನಲ್ಲಿಯೂ ಉಂಟು. ಅದಕ್ಕಾಗಿ 1966ರ ಟೆಲಿಕ್ಯಾಸ್ಟರ್ ಒಂದು. 1932ರಲ್ಲಿ ಮಾಡಿದ, ಲೋಹದ ಒಡಲಿನ ನ್ಯಾಷನಲ್ ಗಿಟಾರು ಇನ್ನೊಂದು. ವಿದ್ಯುತ್ತಿನ ಗಿಟಾರು ಬಳಕೆಗೆ ಬರುವ ಮುನ್ನ, ಮೇಳದ ಗದ್ದಲದಲ್ಲಿಯೂ ಕೇಳಿಸಲೆಂದು ಈ ನ್ಯಾಷನಲ್ ಗಿಟಾರುಗಳ ಒಳಗೆ ತೆಳುವಾದ ಲೋಹದ ಆಲಿಕೆಯೊಂದನ್ನು ಇಡುತ್ತಿದ್ದರು. ವಿದ್ಯುತ್ತಿಲ್ಲದೆ ಹಾಡುವುದಕ್ಕೆ ಮರದ ಮಾರ್ಟಿನ್ ಗಿಟಾರು, ಕೆಲವು ಹಾಡುಗಳಿಗೆ ಮ್ಯಾಂಡೊಲಿನ್. ಇವುಗಳಲ್ಲದೆ ಗಿರವಿ ಅಂಗಡಿಗಳಲ್ಲಿ ಸಿಕ್ಕ ಅಗ್ಗದ ಗಿಟಾರುಗಳನ್ನೂ ಆತನು ಆದರಿಸುತ್ತಿದ್ದನು. ವಾದ್ಯದ ಯೋಗ್ಯತೆಯನ್ನು ಬೆಲೆಯಿಂದಲ್ಲ, ನಾದದಿಂದ ಅಳೆಯತಕ್ಕದ್ದೆಂದು ಬಲ್ಲವನಾತನು.

ಮೊದಲಿನ ಗಿಟಾರಿನ ಕಥೆಗೆ ಹಿಂದಿರುಗೋಣ. ಕೊಂಡ ಕೆಲವು ವರ್ಷಗಳಲ್ಲಿ ಡಬ್ಲಿನ್ ನಗರದಲ್ಲಿ ಅದು ಕಳುವಾಯಿತು. ದಿನಗಳು ಕಳೆದ ಮೇಲೆ ಒಂದು ಹಳ್ಳದಲ್ಲಿ ಬಿದ್ದಿದ್ದುದು ದೊರೆಯಿತು. ಮುಂದೆ ಇರುಳಿರುಳೂ ದೀಪಗಳ ಝಳದಲ್ಲಿ ನುಡಿಸುವಾಗ ಸುರಿದ ಬೆವರು ಅದರ ಬಣ್ಣವನ್ನು ತಿಂದಿತು. ಅಂಚಿನಲ್ಲಿ ಕಪ್ಪಾಗಿ, ನಡುವೆ ಹೊಂಬಣ್ಣವಾಗಿ ಹೊಳೆಯುತ್ತಿದ್ದ ಒಡಲು ಬರಿಯ ಮರವಾಯಿತು. ದಂಡಿಯು ಬೆವರು ಕುಡಿದು ಬಾಗಿದಾಗ, ಅದನ್ನು ಬಿಚ್ಚಿ ಆರಲಿಟ್ಟು ಮತ್ತೆ ಕೂಡಿಸಿದರು. ಮೆಟ್ಟಿಲುಗಳು ಸವೆದಂತೆಲ್ಲ ಹೊಸವು ಬಂದವು. ಆರು ಬಿರಡೆಗಳಲ್ಲಿ ಒಂದು ಉಳಿದ ಐದಕ್ಕೆ ಜೋಡಿಯಲ್ಲ. ಸಂಗ್ರಾಹಕನಿಗೆ ಇವೆಲ್ಲ ದೋಷಗಳು. ವಾದಕನಿಗೆ ಅವು ಸಂದ ಕೆಲಸದ ಲೆಕ್ಕ. ಆತನ ಮರಣಾನಂತರ ಫೆಂಡರ್ ಕಾರ್ಖಾನೆಯವರು ಈ ಗಿಟಾರಿನ ಪ್ರತಿಕೃತಿಗಳನ್ನು ಮಾಡಿ ಮಾರಿದರು. ಹೊಸ ಮರದ ಮೇಲಿನ ಬಣ್ಣವನ್ನು ಬೇಕೆಂದೇ ಕೆರೆದು ಹಳತರಂತೆ ಮಾಡಿದರು. ಸವೆತವನ್ನು ಹಣಕ್ಕೆ ಕೊಳ್ಳಬಹುದು; ಸವೆಯಿಸಿದ ವರ್ಷಗಳನ್ನು ಕೊಳ್ಳಲಾಗದು.

ಆ ವರ್ಷಗಳು ಎಂತಹವೆಂಬುದಕ್ಕೆ ಒಂದೇ ನಿದರ್ಶನ ಸಾಕು. ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕಡೆಯಿಂದ 1998ರವರೆಗೆ ನಡೆದ ಅಂತಃಕಲಹದಲ್ಲಿ 3,500ರಷ್ಟು ಜನರು ಸತ್ತರು. ಬೆಲ್‌ಫಾಸ್ಟ್ ನಗರದಲ್ಲಿ ಬಾಂಬುಗಳು ಸಿಡಿಯುತ್ತಿದ್ದ ಕಾಲದಲ್ಲಿ ಹೊರಗಿನ ಸಂಗೀತಗಾರರಲ್ಲಿ ಬಹುಮಂದಿ ಅತ್ತ ಸುಳಿಯಲಿಲ್ಲ. ಗ್ಯಾಲಹರನು ಮಾತ್ರ ಅಲ್ಲಿಯ ಅಲ್ಸ್ಟರ್ ಸಭಾಂಗಣಕ್ಕೆ ಮತ್ತೆ ಮತ್ತೆ ಬಂದು ನುಡಿಸಿದನು. ಬೀದಿಯಲ್ಲಿ ಒಬ್ಬರ ಮುಖವನ್ನೊಬ್ಬರು ನೋಡದ ಎರಡು ಪಂಗಡಗಳ ತರುಣರು ಆ ಸಭೆಯಲ್ಲಿ ಒಟ್ಟಿಗೆ ನಿಂತು ಕೇಳಿದರು. ಅಂದು ಆತನ ಹೆಗಲಿನಲ್ಲಿದ್ದುದು ಈ ಬಣ್ಣವಳಿದ ವಾದ್ಯವೇ. 2025ರ ಜನವರಿಯಲ್ಲಿ ಆ ಊರಿನವರು ಸಭಾಂಗಣದ ಬಳಿ ಆತನ ಪ್ರತಿಮೆಯನ್ನು ನಿಲ್ಲಿಸಿದರು.

1995ರಲ್ಲಿ, ನಾಲ್ವತ್ತೇಳನೆಯ ವಯಸ್ಸಿನಲ್ಲಿ, ಗ್ಯಾಲಹರನು ತೀರಿಕೊಂಡನು. ತಮ್ಮನಾದ ಡೋನಲನು ವಾದ್ಯಗಳನ್ನೆಲ್ಲ ಸುಮಾರು ಮೂವತ್ತು ವರ್ಷ ಕಾಪಾಡಿದನು. ಕೇವಲ ಬೀಗ ಹಾಕಿ ಇಡಲಿಲ್ಲ. ಜೋ ಬೊನಮಾಸಾ ಎಂಬ ಅಮೆರಿಕದ ವಾದಕನು ಲಂಡನ್ನಿನ ಕಚೇರಿಯೊಂದರಲ್ಲಿ ಆ ಹಳೆಯ ಗಿಟಾರನ್ನು ನುಡಿಸಿದ್ದುಂಟು. ಕಡೆಗೆ 2024ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಎಲ್ಲವೂ ಹರಾಜಿಗೆ ಬಂದವು. 100 ಪೌಂಡಿನ ಗಿಟಾರು 8,80,000 ಪೌಂಡಿಗೂ ಮೇಲ್ಪಟ್ಟ ಬೆಲೆಗೆ ಹೋಯಿತು. ಕೊಂಡವರು ಐರ್ಲೆಂಡಿನ ಸಂಗೀತೋದ್ಯಮದವರು. ಕೊಂಡದ್ದು ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡುವುದಕ್ಕಾಗಿ. ಉಳಿದವು ಹಲವು ಕೈಗಳಿಗೆ ಹಂಚಿಹೋದವು.

ಇದು ಯುಕ್ತವೆ? ರಾಷ್ಟ್ರದ ಸೊತ್ತು ರಾಷ್ಟ್ರದಲ್ಲಿಯೇ ಉಳಿಯಿತೆಂದು ಸಂತೋಷಪಡುವವರುಂಟು. ನುಡಿಯಬೇಕಾದುದು ಗಾಜಿನೊಳಗೆ ಮೂಕವಾಯಿತೆಂದು ಮರುಗುವವರೂ ಇರಬಹುದು. ನಮಗೆ ತೋರುವುದಿಷ್ಟು: ಒಂದು ಜನಾಂಗದ ನೆನಪನ್ನೇ ಹೊತ್ತಿರುವ ಅಪರೂಪದ ವಸ್ತುವೊಂದಕ್ಕೆ ಗಾಜಿನ ಪೆಟ್ಟಿಗೆಯು ಸಲ್ಲುತ್ತದೆ. ಅದನ್ನು ಕಾಣಲು ಬರುವ ಮಕ್ಕಳಿಗೆ ಅದೂ ಒಂದು ಉಪಕರಣವೇ. ಆದರೆ ನಮ್ಮ ನಿಮ್ಮ ಮನೆಗಳ ವಸ್ತುಗಳಿಗೆ ಆ ನ್ಯಾಯವು ಸಲ್ಲದು.

ಕಳೆದ ವರ್ಷ ನಮ್ಮ ಅಕ್ಕನವರು ತೀರಿಕೊಂಡ ಬಳಿಕ ಅವರ ವೀಣೆಯು ನಮ್ಮ ಮನೆಗೆ ಬಂದಿತು. ಅಕ್ಕನವರಲ್ಲಿ ಆರು ವರ್ಷ ಪಾಠ ಹೇಳಿಸಿಕೊಂಡ ಬಡಹುಡುಗಿಯೊಬ್ಬಳಿದ್ದಾಳೆ. ಸ್ವಂತ ವೀಣೆಯಿಲ್ಲದೆ ಕಂಡವರ ಮನೆಯಲ್ಲಿ ಅಭ್ಯಾಸ ಮಾಡುತ್ತಾಳೆ. ಅವಳಿಗೆ ಕೊಡೋಣವೆಂದಾಗ ಅಕ್ಕನವರ ಮಗಳು, "ಬೇಡ ಮಾವ, ಅಮ್ಮನ ಕೈ ತಾಗಿದ್ದು ಅದೊಂದೇ ಉಳಿದಿದೆ, ಯಾರೂ ಮುಟ್ಟದ ಹಾಗೆ ಇರಲಿ" ಎಂದಳು. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ನುಡಿಸದ ವೀಣೆಯ ತಂತಿಗೆ ತುಕ್ಕು ಹಿಡಿಯುತ್ತದೆ, ಮೆಟ್ಟಿಲು ಕೂಡಿಸಿದ ಮೇಣವು ಒಣಗಿ ಬಿರಿಯುತ್ತದೆ ಎಂದಷ್ಟೇ ಹೇಳಿ ಸುಮ್ಮನಾದೆವು. ಎರಡು ದಿನ ಕಳೆದ ಮೇಲೆ ಅವಳೇ ಬಂದು, ತಾಯಿಯು ಹೊಲಿದಿದ್ದ ವೀಣೆಯ ಗವಸನ್ನು ಮಡಿಸಿ ತನ್ನ ಬಳಿ ಇಟ್ಟುಕೊಂಡು, ವೀಣೆಯನ್ನು ಆ ಹುಡುಗಿಗೆ ತಾನೇ ಒಪ್ಪಿಸಿದಳು. ನೆನಪಿಗೆ ಗವಸು ಸಾಕಾಯಿತು.

ವಾಚಕರ ಮನೆಗಳಲ್ಲಿಯೂ ಇಂತಹವು ಇದ್ದೇ ಇರುವುವು: ಅಜ್ಜನ ಉಳಿಯ ಪೆಟ್ಟಿಗೆ, ಅತ್ತೆಯವರ ಹೊಲಿಗೆಯ ಯಂತ್ರ, ಅಟ್ಟದ ಮೇಲಿನ ಹಾರ್ಮೋನಿಯಂ. ಅವುಗಳಲ್ಲಿ ಯಾವುದು ಯಾರ ಕೈಗಾಗಿ ಕಾದಿದೆಯೆಂದು ಒಮ್ಮೆ ವಿಚಾರಿಸಿ ನೋಡಬೇಕು. ಬಳಸಿದರೆ ಸವೆಯುವುದೆಂಬುದು ನಿಜ. ಆದರೆ ಬಳಸದೆಯೂ ಸವೆಯುವುದೆಂಬುದು ಅದಕ್ಕಿಂತಲೂ ನಿಜ.